ಕೀವಿದ್ದರೂ ಸೋಂಕಿಲ್ಲದ ಉಗುರಿನ ಬೇನೆ

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಸೋಗೆ ತರಚಿದ ಬೆರಳು ಬಾತು ಉಗುರಿನ ಬುಡದಲ್ಲಿ ಕೀವು ಕಟ್ಟಿದರೆ, ಅದನ್ನು ಉಗುರುಸುತ್ತು ಎಂದು ತಿಳಿದು ನಿಂಬೆಹಣ್ಣು ಸಿಕ್ಕಿಸುವವರು ಇಂದಿಗೂ ಇದ್ದಾರೆ. ಹೆಚ್ಚಿನವರಿಗೆ ಅದು ಉಗುರುಸುತ್ತೇ ಆಗಿರುತ್ತದೆ. ಆದರೆ ತಿಂಗಳುಗಟ್ಟಲೆ ಅದೇ ಬೆರಳ ತುದಿಯಲ್ಲಿ ಕೀವುಗುಳ್ಳೆಗಳು ಎದ್ದು, ಒಡೆದು, ಹಕ್ಕಳೆಗಟ್ಟಿ, ಆ ಕೆಂಪು ಚರ್ಮದಲ್ಲೇ ಮತ್ತೆ ಏಳುತ್ತಿದ್ದರೆ ಬೇರೊಂದು ಅಪರೂಪದ ಕಾಯಿಲೆಯನ್ನು ಶಂಕಿಸಬೇಕು.

ಫ್ರಾನ್ಸಿನ ಚರ್ಮವೈದ್ಯ ಹ್ಯಾಲೊಪೋ 1890ರಲ್ಲಿ ವಿವರಿಸಿದ, ಅಕ್ರೋಡರ್ಮಟೈಟಿಸ್ ಕಂಟಿನ್ಯುವಾ ಎಂಬ ಈ ಕಾಯಿಲೆಯನ್ನು ಈಗ ದೀರ್ಘಕಾಲದ ಚರ್ಮರೋಗವಾದ ಕೀವುಗುಳ್ಳೆಯ ಸೋರಿಯಾಸಿಸ್‌ನ ಒಂದು ಬಗೆಯೆಂದು ಪರಿಗಣಿಸಲಾಗುತ್ತದೆ. ಇಲ್ಲಿನ ಕೀವಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಉರಿಯೂತದ ತಪ್ಪು ಸಂಕೇತಕ್ಕೆ ಓಗೊಟ್ಟು ಚರ್ಮದೊಳಗೆ ನುಗ್ಗಿ ಬಂದ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳೇ ಆ ಕೀವು. ಇಂಟರ್‌ಲ್ಯೂಕಿನ್-36 ಎಂಬ ಸಂಕೇತಕ್ಕೆ ಕಡಿವಾಣ ಹಾಕುವ ಜೀನ್ ಕೆಲವು ರೋಗಿಗಳಲ್ಲಿ ದೋಷಪೂರಿತವಾಗಿರುವುದು ಕಂಡುಬಂದಿದೆ. ಕೀವಿನಲ್ಲಿ ಬ್ಯಾಕ್ಟೀರಿಯಾ ಇಲ್ಲದ್ದರಿಂದಲೇ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಇದು ಗುಣವಾಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಗುಳ್ಳೆಯನ್ನು ಹಿಸುಕುವುದು, ನಿಂಬೆರಸ ಹಚ್ಚುವುದು ಇವೆಲ್ಲ ಚರ್ಮವನ್ನು ಕೆರಳಿಸಿ ರೋಗವನ್ನು ಹೆಚ್ಚಿಸಬಲ್ಲವು. ನಿರ್ಲಕ್ಷಿಸಿದರೆ ಉಗುರು ಪೂರ್ತಿ ಕಳಚಿಹೋಗಬಹುದು. ವರ್ಷಗಳ ಬಳಿಕ ಬೆರಳ ತುದಿಯ ಮೂಳೆಯೂ ಸವೆಯಬಹುದು.

ಮೈಸೂರಿನ ಕೆ.ಆರ್. ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಬೇಗ ಹೋಗುವುದು ಒಳ್ಳೆಯದು. ಕೀವಿನ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ), ಶಿಲೀಂಧ್ರದ ಪರೀಕ್ಷೆ, ಅಗತ್ಯಬಿದ್ದರೆ ಚರ್ಮದ ಬಯಾಪ್ಸಿ ಮಾಡಿದ ಮೇಲೆಯೇ ರೋಗ ಖಚಿತವಾಗುತ್ತದೆ. ಮೊದಲಿಗೆ ಪ್ರಬಲ ಸ್ಟೆರಾಯ್ಡ್ ಮುಲಾಮನ್ನೋ ವಿಟಮಿನ್ ಡಿ ಬಗೆಯ ಕ್ಯಾಲ್ಸಿಪೊಟ್ರಿಯಾಲ್ ಮುಲಾಮನ್ನೋ ಕೊಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಅಸಿಟ್ರೆಟಿನ್, ಮೆಥೊಟ್ರೆಕ್ಸೇಟ್, ಸೈಕ್ಲೊಸ್ಪೊರಿನ್ ಎಂಬ ನುಂಗುವ ಔಷಧಿಗಳು, ಇಲ್ಲವೇ ಉರಿಯೂತದ ಸಂಕೇತವನ್ನೇ ತಡೆಯುವ ದುಬಾರಿಯಾದ ಬಯೊಲಾಜಿಕ್ ಚುಚ್ಚುಮದ್ದುಗಳಿವೆ. ಮೆಥೊಟ್ರೆಕ್ಸೇಟನ್ನು ಈ ಕಾಯಿಲೆಗೆ ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಚೀಟಿಯ ಮೇಲೆ ನುಂಗಬೇಕಾದ ದಿನದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ಕ್ಷೇಮ. ಅಸಿಟ್ರೆಟಿನ್ ಗರ್ಭಿಣಿಯರಿಗೆ ಸಲ್ಲದು. ಅದನ್ನು ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು.

ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ, ಹೊರಗೆ ರಬ್ಬರಿನ ಕೈಗವಸು ಹಾಕಿಕೊಂಡರೆ ಬೆರಳಿಗೆ ಒಳ್ಳೆಯ ರಕ್ಷಣೆ ಸಿಗುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಉಗುರಿನ ಬುಡ ಹಾಳಾಗಿರದಿದ್ದರೂ ಹೊಸ ಉಗುರು ತುದಿ ಮುಟ್ಟಲು ಅರ್ಧ ವರ್ಷ ಬೇಕು. ಎರಡೇ ವಾರದಲ್ಲಿ ಬೇಸತ್ತು ಔಷಧಿ ಬಿಡುವವರಿಗೆ ಈ ಲೆಕ್ಕವನ್ನು ಮೊದಲೇ ತಿಳಿಸಬೇಕೆಂಬುದು ನನ್ನ ಬಲವಾದ ಅನಿಸಿಕೆ. ಜ್ವರದೊಂದಿಗೆ ಮೈತುಂಬ ಕೀವುಗುಳ್ಳೆಗಳು ಎದ್ದರೆ ಮಾತ್ರ ಕಾಯದೆ, ಅಂದೇ ಆಸ್ಪತ್ರೆಗೆ ದಾಖಲಾಗಬೇಕು.