ಚಕ್ರ ಬಿಡೋದು ಪೈಲಟ್ ಮರೆತಿದ್ದರಾ?

ಪ್ರಶ್ನೆ: ನಮ್ಮ ಮನೆ ದೇವನಹಳ್ಳಿ ಕಡೆ, ವಿಮಾನಗಳು ಇಳಿಯುವ ದಾರಿಯಲ್ಲೇ ಇದೆ. ತಾರಸಿ ಮೇಲೆ ನಿಂತು ನೋಡಿದರೆ ಹೆಚ್ಚಿನವು ಚಕ್ರ ಬಿಟ್ಟುಕೊಂಡೇ ಬರುತ್ತವೆ. ಮೊನ್ನೆ ದೊಡ್ಡದೊಂದು ತೀರಾ ಕೆಳಗೆ ಬಂತು, ಚಕ್ರವೇ ಕಾಣಲಿಲ್ಲ. ನಮ್ಮನ್ನು ದಾಟುವ ಹೊತ್ತಿಗೆ ಗಡಿಬಿಡಿಯಲ್ಲಿ ಬಿಟ್ಟ ಹಾಗಿತ್ತು. ಇದು ಅಪಾಯ ಅಲ್ವಾ?

ಉತ್ತರ: ನಾನು ಮೊದಲು ತಿರುಗಿ ಕೇಳುವುದು ಒಂದೇ. ಅದು ಯಾವ ವಿಮಾನ?

ಸುಮ್ನೆ ಕೇಳ್ತಿಲ್ಲ. "ದೊಡ್ಡದೊಂದು" ಅಂದಿರಲ್ಲ, ಗುಟ್ಟು ಅಲ್ಲೇ ಇರಬಹುದು. ಆಕಾಶದಲ್ಲಿ ಅಳತೆಗೆ ಪಕ್ಕದಲ್ಲಿ ಮರವೂ ಇಲ್ಲ, ಕಂಬವೂ ಇಲ್ಲ. ಹಾಗಾಗಿ ಕಣ್ಣು ತನಗೆ ರೂಢಿಯಾದ ವಿಮಾನದ ಲೆಕ್ಕ ಹಾಕುತ್ತದೆ. ನಿಮ್ಮ ತಾರಸಿ ಮೇಲೆ ದಿನವಿಡೀ ಹೋಗುವುದು ಹೆಚ್ಚಾಗಿ ಏರ್‌ಬಸ್ ಎ320 ಜಾತಿಯವು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 36 ಮೀಟರ್. 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್‌ನ ಎ380 ಬೆಂಗಳೂರಿಗೆ ಬರಲು ಶುರುವಾಯಿತು. ಅದರ ರೆಕ್ಕೆ ಸುಮಾರು 80 ಮೀಟರ್. ಅದು 2,000 ಅಡಿ ಎತ್ತರದಲ್ಲಿದ್ದರೆ, 900 ಅಡಿಯಲ್ಲಿರುವ ಎ320ಯಷ್ಟು ದೊಡ್ಡದಾಗಿ ಕಾಣುತ್ತದೆ. ನೋಡಿದವರಿಗೆ "ಅಯ್ಯೋ, ಇಷ್ಟು ಕೆಳಗೆ ಬಂದ್ರೂ ಚಕ್ರ ಇಲ್ವಲ್ಲ" ಅನ್ನಿಸದೆ ಇರುತ್ತದಾ? ಹುಬ್ಬಳ್ಳಿಗೆ ಹೋಗುವ ಎಟಿಆರ್ 72 ಇದಕ್ಕೆ ತದ್ವಿರುದ್ಧ. ರೆಕ್ಕೆ ಬರೀ 27 ಮೀಟರ್. ಕೆಳಗಿದ್ದರೂ ಮೇಲಿದ್ದ ಹಾಗೆ ಕಾಣುತ್ತದೆ.

ಹಾಗಾಗಿ ಮೊದಲು ಗುರುತು ಹಿಡಿಯಬೇಕು. ಹೊಟ್ಟೆಯ ಕೆಳಗಿನ ಚಕ್ರ ಎಣಿಸುವುದು ಸುಲಭದ ದಾರಿ. ಎ320, ಬೋಯಿಂಗ್ 737ಕ್ಕೆ ಒಂದೊಂದು ಬದಿಗೆ ಎರಡು. 787ಕ್ಕೆ ನಾಲ್ಕು, 777ಕ್ಕೆ ಆರು. ಎ380ಕ್ಕೆ ಮೂತಿಯ ಎರಡು ಬಿಟ್ಟು ಹೊಟ್ಟೆಯಡಿಯಲ್ಲೇ 20.

ಇದರಲ್ಲಿ 737 ಸ್ವಲ್ಪ ತರಲೆ. ಅದರ ಹಿಂದಿನ ಚಕ್ರಗಳನ್ನು ಪೂರ್ತಿ ಮುಚ್ಚುವ ಬಾಗಿಲೇ ಇಲ್ಲ. ಮಡಚಿಕೊಂಡಾಗಲೂ ಹೊಟ್ಟೆಯಡಿ ಎರಡು ಕಪ್ಪು ಬಿಲ್ಲೆ ಅಂಟಿಸಿದ ಹಾಗೆ ಕಾಣುತ್ತವೆ. ಚಕ್ರ ಬಿಟ್ಟಿದ್ದಾರಾ ಇಲ್ಲವಾ ಅಂತ ತಾರಸಿ ಮೇಲಿನವರ ನಡುವೆ ಜಗಳ ಹತ್ತಿದರೆ, ಅದು ಬಹುಪಾಲು 737 ಆಗಿರುತ್ತದೆ. ಎ320ರಲ್ಲಿ ಬಾಗಿಲು ತೆರೆದು, ಚಕ್ರ ಇಳಿದು, ದೊಡ್ಡ ಬಾಗಿಲು ಮತ್ತೆ ಮುಚ್ಚುತ್ತದೆ. ಆ ಓಡಾಟವೇ ಕೆಳಗಿನಿಂದ "ಗಡಿಬಿಡಿ" ಥರ ಕಾಣುತ್ತದೆ.

ಈಗ ತಡದ ವಿಷಯ. ಚಕ್ರ ಹೊರಗೆ ಬಂದರೆ ಗಾಳಿ ಅಡ್ಡ ಹಿಡಿಯುತ್ತದೆ. ಎಂಜಿನ್‌ಗೆ ಜಾಸ್ತಿ ಕೆಲಸ, ಇಂಧನ ಖರ್ಚು, ಕೆಳಗಿನ ಮನೆಗಳಿಗೆ ಸದ್ದು. ಹಿಂದೆ ಮುಂದೆ ವಿಮಾನಗಳಿದ್ದಾಗ ರನ್‌ವೇಗೆ ನಾಲ್ಕೈದು ಮೈಲಿ ಉಳಿಯುವ ತನಕ ವೇಗ ಇಳಿಸಬೇಡಿ ಅಂತ ಕಂಟ್ರೋಲ್‌ನವರೂ ಹೇಳುತ್ತಾರೆ. ಹಾಗಾಗಿ ಸಾಮಾನ್ಯವಾಗಿ ನೆಲದಿಂದ 2,000 ಅಡಿ ಆಸುಪಾಸಿನಲ್ಲಿ, ಅಂದರೆ ರನ್‌ವೇಗೆ 11–12 ಕಿಲೋಮೀಟರ್ ಇರುವಾಗ ಬಿಡುತ್ತಾರೆ. ಅಲ್ಲಿಂದ ನೆಲ ಮುಟ್ಟಲು ಎರಡೂವರೆ ನಿಮಿಷಕ್ಕೂ ಮಿಕ್ಕಿ ಸಮಯ ಇರುತ್ತದೆ. ಚಕ್ರ ಇಳಿದು ಬಿಗಿಯಾಗಲು ಹತ್ತು ಹದಿನೈದು ಸೆಕೆಂಡ್ ಸಾಕು.

ನಿಜವಾಗಿ ತಡ ಅನ್ನುವ ಗೆರೆ 1,000 ಅಡಿ. ಅಷ್ಟರೊಳಗೆ ಚಕ್ರ ಕೆಳಗೆ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಚಾಚುವ ಹಲಗೆ) ಸರಿ, ವೇಗ ಸರಿ, ಎಲ್ಲ ತಯಾರಾಗಿರಬೇಕು ಅನ್ನುವುದು ಬಹಳಷ್ಟು ಏರ್‌ಲೈನ್‌ಗಳ ನಿಯಮ. ವಾತಾವರಣ ತಿಳಿಯಾಗಿದ್ದರೆ ಈ ಗೆರೆಯನ್ನು 500 ಅಡಿಗೆ ಇಳಿಸುವ ಏರ್‌ಲೈನ್‌ಗಳೂ ಇವೆ. ಆಗದಿದ್ದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು.

ಕಾಕ್‌ಪಿಟ್‌ನಲ್ಲಿ ನಡೆಯುವುದು ಇಷ್ಟು. ಹಾರಿಸುತ್ತಿರುವವರು "ಗೇರ್ ಡೌನ್", ಅಂದರೆ ಚಕ್ರ ಇಳಿಸಿ, ಅನ್ನುತ್ತಾರೆ. ಪಕ್ಕದವರು ವೇಗ ನೋಡಿಕೊಂಡು ಲಿವರ್ ಕೆಳಗೆ ಹಾಕುತ್ತಾರೆ. ಆ ಲಿವರ್‌ನ ತುದಿ ಪುಟ್ಟ ಚಕ್ರದ ಆಕಾರದಲ್ಲೇ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ಇಳಿಸಿದ ಪೈಲಟ್‌ಗಳು ಫ್ಲ್ಯಾಪ್ ಅಂದುಕೊಂಡು ಚಕ್ರದ ಸ್ವಿಚ್ಚನ್ನೇ ಎಳೆದುಬಿಡುತ್ತಿದ್ದರು. ಎರಡೂ ಅಕ್ಕಪಕ್ಕ, ನೋಡಲು ಒಂದೇ ಥರ. ಅಲ್ಫಾನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞರು ಚಕ್ರದ್ದಕ್ಕೆ ಚಕ್ರದಂಥ ರಬ್ಬರ್ ತುಂಡು ಅಂಟಿಸಿ ಅಂದರು. ಇಂದಿಗೂ ನೋಡದೆ ಮುಟ್ಟಿದರೂ ಕೈಗೆ ಗೊತ್ತಾಗುತ್ತದೆ. ಆಮೇಲೆ ಚಕ್ರಗಳು ಇಳಿದು ಬಿಗಿಯಾದವು ಅಂತ ಹೇಳುವ ಮೂರು ಹಸಿರು ದೀಪ, ಆಮೇಲೆ ಚೆಕ್‌ಲಿಸ್ಟ್. ಇಷ್ಟಾದ ಮೇಲೂ ಮರೆತರೆ 500 ಅಡಿಯ ಕೆಳಗೆ "ಟೂ ಲೋ, ಗೇರ್" ಅಂತ ಯಂತ್ರವೇ ಕೂಗುತ್ತದೆ.

ಹಾಗಾದರೆ ಯಾರೂ ತಪ್ಪು ಮಾಡೇ ಇಲ್ವಾ? ಮಾಡಿದ್ದಾರೆ. 2020ರ ಮೇ 22ರಂದು ಲಾಹೋರ್‌ನಿಂದ ಕರಾಚಿಗೆ ಬಂದ, ಪಾಕಿಸ್ತಾನದ ಪಿಐಎ ಏರ್‌ಲೈನ್‌ನ ಎ320ರ ಕಥೆ ಮರೆವಿನದ್ದಲ್ಲ, ಅದಕ್ಕಿಂತ ವಿಚಿತ್ರ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಜಾಸ್ತಿ. ಚಕ್ರವನ್ನು ತಡವಾಗಿ ಅಲ್ಲ, ಮೊದಲೇ ಬಿಟ್ಟಿದ್ದರು. ಆಮೇಲೆ ರನ್‌ವೇ ಹತ್ತಿರವಾಗುವಾಗ ಮೇಲೆತ್ತಿಬಿಟ್ಟರು. ಎಚ್ಚರಿಕೆಗಳು ಕೂಗುತ್ತಲೇ ಇದ್ದವು. ಎರಡೂ ಎಂಜಿನ್ ರನ್‌ವೇಗೆ ಉಜ್ಜಿದವು. ಮತ್ತೆ ಮೇಲೇರಿದರು, ಎಂಜಿನ್‌ಗಳು ಕೈಕೊಟ್ಟವು, ವಿಮಾನ ಮನೆಗಳ ಮೇಲೆ ಬಿತ್ತು. ಒಳಗಿದ್ದ 99 ಜನರಲ್ಲಿ ಉಳಿದವರು ಇಬ್ಬರು. ಚಕ್ರ ಯಾವಾಗ ಇಳಿಯಿತು ಅನ್ನುವುದಕ್ಕಿಂತ ಆ ಅಪ್ರೋಚ್ (ಇಳಿಯಲು ಬಂದ ರೀತಿ) ಎಷ್ಟು ಕೆಟ್ಟಿತ್ತು ಅನ್ನುವುದೇ ನನಗೆ ಮುಖ್ಯ ಅನ್ನಿಸುವುದು ಈ ಕಾರಣಕ್ಕೆ.

ನಿಮ್ಮ ವಿಮಾನಕ್ಕೆ ವಾಪಸ್ ಬರೋಣ. ಮುಂದಿನ ಸಲ ಫೋನ್‌ನಲ್ಲಿ ವಿಮಾನ ತೋರಿಸುವ ಆ್ಯಪ್ ತೆರೆದಿಟ್ಟುಕೊಳ್ಳಿ. ಯಾವ ಮಾದರಿ, ಎಷ್ಟು ಎತ್ತರ ಎರಡೂ ಸಿಗುತ್ತವೆ. ಆದರೆ ಅದು ತೋರಿಸುವ ಎತ್ತರ ನಿಮ್ಮ ತಾರಸಿಯಿಂದಲ್ಲ, ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. ದೇವನಹಳ್ಳಿಯ ನೆಲವೇ ಸುಮಾರು 3,000 ಅಡಿ ಮೇಲಿದೆ. ಆ್ಯಪ್‌ನಲ್ಲಿ 5,000 ಅಂತ ಕಂಡು, ಅದೇ ಹೊತ್ತಿಗೆ ಚಕ್ರ ಇಳಿಯುವುದೂ ಕಂಡರೆ, ಪೈಲಟ್ ತಡ ಮಾಡಿಲ್ಲ. ಸರಿಯಾಗಿ ಟೈಮ್‌ಗೇ ಬಿಟ್ಟಿದ್ದಾರೆ.