ಅಂಕ ಜೋರು, ಚಟುವಟಿಕೆ ಚೂರು: ಅಮೆರಿಕದ ಕಾಲೇಜು ಅರ್ಜಿಗೊಂದು ಟಿಪ್ಪಣಿ

ಎಸ್ಸೆಸ್ಸೆಲ್ಸಿಯಲ್ಲಿ 98 ಪರ್ಸೆಂಟು, ಪಿಯುಸಿಯಲ್ಲಿ 97. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ‘ಆಕ್ಟಿವಿಟೀಸ್’ ಪುಟ ತೆರೆದರೆ ಮಾತ್ರ ಹತ್ತು ಖಾಲಿ ಜಾಗ. ನಮ್ಮಲ್ಲಿ ಸೈನ್ಸ್ ತೆಗೆದುಕೊಂಡ ಬಹಳ ಮಂದಿಯ ಪಾಡು ಇದೇ. ಹಗಲು ಕಾಲೇಜು, ಸಂಜೆ ಕೋಚಿಂಗು, ಭಾನುವಾರ ಮಾಕ್ ಟೆಸ್ಟು. ಸಿಇಟಿ ರ‍್ಯಾಂಕಿಗೆ ಚರ್ಚಾಸ್ಪರ್ಧೆಯ ಸರ್ಟಿಫಿಕೇಟು ಯಾರಿಗೂ ಬೇಕಿಲ್ಲವಾದ್ದರಿಂದ ನಾವೂ ಅತ್ತ ತಲೆ ಹಾಕಿರುವುದಿಲ್ಲ.

ಅಮೆರಿಕದ ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಲೆಕ್ಕಾಚಾರ ಬೇರೆ. ಪ್ರವೇಶದಲ್ಲಿ ತಾರತಮ್ಯವಾಗುತ್ತಿದೆ ಎಂದು ಹಾರ್ವರ್ಡ್ ವಿರುದ್ಧ ಹೂಡಿದ್ದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ, ಅರ್ಜಿದಾರರಿಗೆ ಅಲ್ಲಿ ಅಂಕ ಕೊಡುವ ಪದ್ಧತಿ ಬಯಲಾಯಿತು. ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಇವಕ್ಕೆ ಬೇರೆಬೇರೆ ಅಂಕ; 1 ಎಂದರೆ ಅತ್ಯುತ್ತಮ. ಅಂದರೆ ಓದಿನ ಕಾಲಂನಲ್ಲಿ ಎಷ್ಟೇ ಮಿಂಚಿದರೂ ಚಟುವಟಿಕೆಯ ಕಾಲಂ ತಾನಾಗಿ ತುಂಬುವುದಿಲ್ಲ. ನಮ್ಮಷ್ಟೇ ಅಂಕ ತೆಗೆದವರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ.

ಹಾಗಾದರೆ ಆ ಹತ್ತು ಜಾಗಕ್ಕೆ ಏನು ಬರೆಯಬೇಕು? ಅದನ್ನು ಟ್ರೋಫಿಗಳ ಪಟ್ಟಿ ಎಂದುಕೊಂಡೇ ನಾವು ಕಂಗಾಲಾಗುವುದು. ತರಗತಿಯ ಹೊರಗೆ ನಿನ್ನ ಸಮಯ ಎಲ್ಲಿ ಹೋಯಿತು ಎಂದಷ್ಟೇ ಅಲ್ಲಿ ಕೇಳಿರುವುದು. ಚಟುವಟಿಕೆಯ ಬಗೆ ಆರಿಸುವ ಪಟ್ಟಿಯಲ್ಲಿ ‘ಕುಟುಂಬದ ಜವಾಬ್ದಾರಿ’ ಇದೆ, ‘ಸಂಬಳದ ಕೆಲಸ’ವೂ ಇದೆ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡದ್ದು, ತಂಗಿಗೆ ಪಾಠ ಹೇಳಿಕೊಟ್ಟದ್ದು, ರಜೆಯಲ್ಲಿ ತೋಟದ ಕೆಲಸ ಎಲ್ಲವೂ ಅಲ್ಲಿ ಸಲ್ಲುತ್ತವೆ. ಹಾರ್ವರ್ಡ್‌ನ ಶಿಕ್ಷಣ ವಿಭಾಗ 2016ರಲ್ಲಿ ಹೊರತಂದ ವರದಿಯೊಂದು ಮನೆಗಾಗಿ ಮಾಡಿದ ಕೆಲಸಕ್ಕೂ ಬೆಲೆ ಕೊಡಿ ಎಂದು ಕಾಲೇಜುಗಳಿಗೆ ಹೇಳಿತ್ತು. ಲೆಕ್ಕ 9ನೇ ತರಗತಿಯಿಂದ ಶುರು. ಆಗ ಕಟ್ಟಿದ ಸಂಗೀತದ ಜೂನಿಯರ್ ಪರೀಕ್ಷೆ, ಊರಿನ ಯಕ್ಷಗಾನ ಮೇಳದಲ್ಲಿ ಹಾಕಿದ ವೇಷ, ಕನ್ನಡ ವಿಕಿಪೀಡಿಯಾದಲ್ಲಿ ತಿದ್ದಿದ ಲೇಖನ, ಇವನ್ನೆಲ್ಲ ‘ಅದೇನು ಮಹಾ’ ಎಂದು ಬಿಟ್ಟುಬಿಡುವವರೇ ಹೆಚ್ಚು.

ಬರೆಯುವ ರೀತಿಯಲ್ಲೇ ಅರ್ಧ ಕೆಲಸವಿದೆ. ವಿವರಣೆಗೆ 150 ಅಕ್ಷರ ಮಾತ್ರ, ಅದೂ ಖಾಲಿ ಜಾಗ ಸೇರಿ. ನಿಮ್ಮ ಪಾತ್ರ ಹೇಳಲು 50. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎನ್ನುವುದಕ್ಕೆ ಬೇರೆಯೇ ಜಾಗವಿರುವುದರಿಂದ ಅದನ್ನು ವಿವರಣೆಯಲ್ಲಿ ಮತ್ತೆ ತುರುಕಬೇಡಿ. ಮನೆಯ ದಿನಸಿ ಅಂಗಡಿಯಲ್ಲಿ ಕೂರುವ ಹುಡುಗಿಯೊಬ್ಬಳು ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಮೊದಲ ಪ್ರಯತ್ನ ಸಾಮಾನ್ಯವಾಗಿ ಹೀಗಿರುತ್ತದೆ: “ಅಪ್ಪನಿಗೆ ಅಂಗಡಿಯಲ್ಲಿ ಸಹಾಯ ಮಾಡಿದೆ, ಇದರಿಂದ ಜವಾಬ್ದಾರಿ ಕಲಿತೆ.” ಓದಿದವರಿಗೆ ಏನೂ ಕಾಣಿಸುವುದಿಲ್ಲ. ಈಗ ಇದನ್ನು ನೋಡಿ: “ಸಂಜೆ ಗಲ್ಲಾ ನೋಡಿಕೊಂಡೆ; 60 ಮನೆಗಳ ಉದ್ರಿ ಲೆಕ್ಕವನ್ನು ನೋಟ್‌ಬುಕ್ಕಿನಿಂದ ಸ್ಪ್ರೆಡ್‌ಶೀಟಿಗೆ ತಂದೆ; ಹಾಳಾಗುವ ಮಾಲಿನ ಆರ್ಡರ್ ಇಳಿಸಿದೆ.” ಇಂಗ್ಲಿಷಿಗೆ ತಂದರೂ ಇದು 150ರೊಳಗೆ ಕೂರುತ್ತದೆ. ‘ಕಲಿತೆ’, ‘ಬೆಳೆದೆ’ ಎಂಬ ಮಾತಿಗೆ 650 ಪದಗಳ ಪ್ರಬಂಧವಿದೆಯಲ್ಲ, ಅಲ್ಲಿ ಬರಲಿ.

ಗಂಟೆಗಳನ್ನು ಉಬ್ಬಿಸಬೇಡಿ. ವಾರಕ್ಕಿರುವುದು 168 ಗಂಟೆ. ನಿದ್ದೆಗೆ 49, ಕಾಲೇಜು-ಕೋಚಿಂಗಿಗೆ 60 ಕಳೆದರೆ ಉಳಿದದ್ದು 59; ಊಟ, ಬಸ್ಸು, ಮನೆಯ ಓದು ಎಲ್ಲ ಅದರಲ್ಲೇ ಆಗಬೇಕು. ಚಟುವಟಿಕೆಗಳ ಮೊತ್ತವೇ 45 ಬಂದರೆ ಓದುವವರಿಗೆ ಅನುಮಾನ ಬರದೆ ಇರುತ್ತದೆಯೇ? ದ್ವಿತೀಯ ಪಿಯುನಲ್ಲಿ ದಿಢೀರನೆ ‘ಎನ್‌ಜಿಒ ಸ್ಥಾಪಕ’ರಾಗುವ ಹುಚ್ಚೂ ಬೇಡ. ಇದನ್ನೇ ಪ್ಯಾಕೇಜು ಮಾಡಿ ಮಾರುವ ಸಲಹೆಗಾರರಿದ್ದಾರೆ. ನನ್ನ ಪ್ರಕಾರ ಅದು ದುಡ್ಡು ದಂಡ.

ಅದಕ್ಕಿಂತ ಕಾಲೇಜು ಆರಿಸುವುದರಲ್ಲಿ ಜಾಣತನ ತೋರಿಸಬಹುದು. ಅಲ್ಲಿನ ಅನೇಕ ಕಾಲೇಜುಗಳು ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಪ್ರಕಟಿಸುತ್ತವೆ. ಅದರಲ್ಲಿ ಸಿ7 ಎಂಬ ಕೋಷ್ಟಕ ಹುಡುಕಿ. ಅಂಕ, ಪ್ರಬಂಧ, ಶಿಫಾರಸು, ಚಟುವಟಿಕೆ, ಕೆಲಸದ ಅನುಭವ ಒಂದೊಂದರ ಮುಂದೆಯೂ ‘ಬಹಳ ಮುಖ್ಯ’, ‘ಮುಖ್ಯ’, ‘ಪರಿಗಣಿಸುತ್ತೇವೆ’, ‘ಪರಿಗಣಿಸುವುದಿಲ್ಲ’ ಎಂಬ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿರುತ್ತಾರೆ. ಅಂಕದ ಮುಂದೆ ‘ಬಹಳ ಮುಖ್ಯ’, ಚಟುವಟಿಕೆಯ ಮುಂದೆ ಬರೀ ‘ಪರಿಗಣಿಸುತ್ತೇವೆ’ ಎಂದಿರುವ ಕಾಲೇಜುಗಳು ನಮ್ಮಂಥವರ ಪಟ್ಟಿಯಲ್ಲಿ ಮೂರ್ನಾಲ್ಕಾದರೂ ಇರಬೇಕು. ಮ್ಯಾಸಚೂಸೆಟ್ಸ್‌ನ ಎಂಐಟಿಯದು ಬೇರೆಯೇ ಅರ್ಜಿ. ಅಲ್ಲಿ ಚಟುವಟಿಕೆಗೆ ನಾಲ್ಕೇ ಜಾಗ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಚಟುವಟಿಕೆ, ಪ್ರಶಸ್ತಿ ಸೇರಿ 20 ಇದೆ, ಆದರೆ ಕಾಲೇಜು ಪ್ರವೇಶಕ್ಕೆಂದು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ಅವರು ನೋಡುವುದೇ ಇಲ್ಲ. ಪರೀಕ್ಷೆಯಲ್ಲಿ ಗಟ್ಟಿ ಇದ್ದವರಿಗೆ ಇದು ನಷ್ಟವೇ. ಎಂಐಟಿ 2022ರಲ್ಲಿ ಎಸ್‌ಎಟಿ ಅಥವಾ ಅದರಂಥದ್ದೇ ಪರೀಕ್ಷೆಯಾದ ಎಸಿಟಿಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಕೂಡ ಆ ನಿರ್ಧಾರಕ್ಕೆ ಬಂದವು.

ಶಿಫಾರಸು ಪತ್ರದ ಬಗ್ಗೆಯೂ ಒಂದು ಮಾತು. ಸೆಕ್ಷನ್‌ಗೆ ಎಂಬತ್ತು ಜನರಿರುವ ಪಿಯು ಕಾಲೇಜಿನಲ್ಲಿ ಲೆಕ್ಚರರ್‌ಗೆ ನಮ್ಮ ಹೆಸರು ನೆನಪಿದ್ದರೇ ಪುಣ್ಯ. ‘ಶ್ರದ್ಧೆಯ ವಿದ್ಯಾರ್ಥಿ’ ಎಂಬ ಸಾಲಿನಿಂದ ಏನೂ ಆಗದು. ಯಾವ ಪಾಠದಲ್ಲಿ ಯಾವ ಪ್ರಶ್ನೆ ಕೇಳಿದ್ದಿರಿ, ಸಿಲಬಸ್ಸಿನಾಚೆ ಏನು ಓದಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು, ಕೊನೆಯ ದಿನಾಂಕಕ್ಕೆ ಎರಡು ತಿಂಗಳ ಮುಂಚೆಯೇ ಕೊಡಿ. ಚಟುವಟಿಕೆ ಕಡಿಮೆ ಇದ್ದವರ ಕುತೂಹಲಕ್ಕೆ ಸಾಕ್ಷಿ ಹೇಳಬಲ್ಲವರು ಅವರೇ.

ಇಂಗ್ಲೆಂಡಿನ ದಾರಿಯೂ ಇದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನೋಡುವುದು ಮುಖ್ಯವಾಗಿ ಆಯ್ದ ವಿಷಯದಲ್ಲಿನ ಆಳವನ್ನು. ಫುಟ್‌ಬಾಲ್ ಕ್ಯಾಪ್ಟನ್‌ಗಿರಿ ಅಲ್ಲಿ ಅಷ್ಟಾಗಿ ನಡೆಯದು. ಒಂದು ವರ್ಷದಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಅರ್ಜಿ ಹಾಕಬಹುದು, ಅಕ್ಟೋಬರ್ 15ರೊಳಗೆ. ರಾಜ್ಯ ಬೋರ್ಡಿನ ಪಿಯುಸಿಯನ್ನು ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಫೀಸು ಕಟ್ಟುವ ಮೊದಲೇ ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನೋಡಿಕೊಳ್ಳಿ.