ಗೇಟಿನ ನಲ್ಲಿಯಲ್ಲಿ ಹಳದಿ ಬಂತು, ಅಡುಗೆಮನೆಯಲ್ಲಿ ಬರಲಿಲ್ಲ

ನೀರು ಪರೀಕ್ಷೆಗೆ ಕರೆಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: "ಸರ್, ಕಾವೇರಿ ನೀರು ಬ್ಲೀಚಿಂಗ್ ವಾಸನೆ ಬರ್ತಿದೆ, ಕುಡೀಬಹುದಾ?" ಸ್ವಲ್ಪ ವಾಸನೆ ಇದ್ದರೆ ಕುಡಿಯಬಹುದು. ಅದು ಪೂರ್ತಿ ಹೋದಾಗಲೇ ನನಗೆ ಭಯ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಹಳೆ ಬಡಾವಣೆಯ ಒಂದು ಮನೆಗೆ ಹೋಗಿದ್ದೆ. ಇಬ್ಬರು ಮಕ್ಕಳಿಗೂ ವಾಂತಿ ಭೇದಿ. ಗೇಟಿನ ಪಕ್ಕದ ನಲ್ಲಿಯಿಂದ ಟ್ಯೂಬಿಗೆ ನೀರು ಹಿಡಿದು ಕ್ಲೋರಿನ್ ಕಿಟ್ಟಿನ ಹನಿ ಬಿಟ್ಟೆ. ತಕ್ಷಣ ತೆಳು ಹಳದಿ ಬಂತು. ಅಂದರೆ ಕ್ರಿಮಿ ಕೊಲ್ಲುವ ಕ್ಲೋರಿನ್ ಇನ್ನೂ ಉಳಿದಿದೆ. ಅಡುಗೆಮನೆ ನಲ್ಲಿಯ ನೀರಿಗೆ ಅದೇ ಹನಿ ಬಿಟ್ಟರೆ ಬಣ್ಣವೇ ಇಲ್ಲ. ನಡುವೆ ಇದ್ದದ್ದು ನೆಲದಡಿಯ ಸಂಪು, ಮೇಲಿನ ಟ್ಯಾಂಕು. ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆವು. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. ಅಲ್ಲಿಂದ ಒಂದು ಕಪ್ಪು ಗೆರೆ ಕೆಳಗಿಳಿದಿತ್ತು. ಗೋಡೆಯ ಆಚೆ ಮೂರಡಿ ದೂರದಲ್ಲೇ ಶೌಚಾಲಯದ ನೀರು ಹೋಗುವ ಸ್ಯಾನಿಟರಿ ಚೇಂಬರ್.

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿದ ಕಾವೇರಿ ನೀರು ಮೂರು ಹಂತದಲ್ಲಿ ಪಂಪ್ ಆಗಿ, ಸುಮಾರು 500 ಮೀಟರ್ ಎತ್ತರ ಹತ್ತಿ, 100 ಕಿಲೋಮೀಟರ್ ದಾರಿ ಸವೆಸಿ ಊರಿಗೆ ಬರುತ್ತದೆ. ಅಷ್ಟು ದೂರ ಚೆನ್ನಾಗಿ ಬಂದ ನೀರು ಎಷ್ಟೋ ಸಲ ಕೊನೆಯ ಐವತ್ತು ಅಡಿಯಲ್ಲಿ ಕೆಡುತ್ತದೆ.

ಬೀದಿಯ ಪೈಪಿನಲ್ಲೂ ಅಪಾಯವಿದೆ. ನಮ್ಮಲ್ಲಿ ದಿನವಿಡೀ ನೀರು ಬರುವುದಿಲ್ಲ ಅಲ್ವಾ? ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಒತ್ತಡವಿಲ್ಲ. ಪಕ್ಕದ ಯುಜಿಡಿ, ಅಂದರೆ ಒಳಚರಂಡಿ ಲೈನ್ ಸೋರುತ್ತಿದ್ದರೆ ಆ ಕೊಳಚೆ ಹಳೆ ಜಾಯಿಂಟಿನ ಸಂದಿಯಲ್ಲಿ ಒಳಗೆ ನುಗ್ಗುತ್ತದೆ. ಲೈನಿಗೇ ಮೋಟರ್ ಹಾಕಿ ಎಳೆದರೆ ಇನ್ನೂ ಕೆಟ್ಟದ್ದು. ನಿಮಗೆ ನಾಲ್ಕು ಕೊಡ ಜಾಸ್ತಿ ಸಿಗಬಹುದು, ಅದರ ಜೊತೆ ಚರಂಡಿ ನೀರೂ ಬರುತ್ತದೆ, ಪಕ್ಕದ ಮನೆಯವರಿಗೂ ಹೋಗುತ್ತದೆ. ಕೈಮುಗಿದು ಕೇಳುತ್ತೇನೆ, ಬೇಡ. ನೀರು ಬಿಟ್ಟಾಗ ಮೊದಲು ಬರುವ ಕಲಕು ನೀರನ್ನು ಸಂಪಿಗೆ ಬಿಡಬೇಡಿ, ಗಿಡಕ್ಕೆ ಹಾಕಿ.

ಕುಡಿಯುವ ನೀರಿಗೆ ಇರುವ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರ್ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಲ ಸೇರಿದ್ದನ್ನು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಸಿಗಬಾರದು. ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರಲ್ಲ, ಅದಕ್ಕೆ ಕ್ರಿಮಿ ಕಾಣುವುದೇ ಇಲ್ಲ. ಅದು ಹೇಳುವುದು ಕರಗಿದ ಉಪ್ಪಿನಂಶ ಎಷ್ಟು ಅಂತ ಮಾತ್ರ. ಕಾವೇರಿ ನೀರಿನಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 500 ಮಿಲಿಗ್ರಾಂ ಮಿತಿಯೊಳಗೇ ಇರುತ್ತದೆ. ಆ ಮನೆಯ ಅಡುಗೆಮನೆ ನೀರು ಕೂಡ ಮೀಟರಿನಲ್ಲಿ ಪಾಸಾಗಿತ್ತು! ಬೋರ್‌ವೆಲ್, ಟ್ಯಾಂಕರ್ ನೀರಿನ ವಿಷಯ ಬೇರೆ. ಅದರಲ್ಲಿ ನೈಟ್ರೇಟ್ ಇದ್ದರೆ ಕುದಿಸಿದರೂ ಹೋಗುವುದಿಲ್ಲ. ಲ್ಯಾಬಿಗೆ ಕೊಡಲೇಬೇಕು.

ಆ ಮನೆಯವರಿಗೆ ಸಂಪು ಖಾಲಿ ಮಾಡಿಸಿ, ಉಜ್ಜಿಸಿ, ಬಿರುಕು ಮುಚ್ಚಿಸಲು ಹೇಳಿದೆ. ಮತ್ತೆ ನೀರು ತುಂಬಿದ ಮೇಲೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪುಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು, ಒಂದು ಗಂಟೆ ಬಿಡಬೇಕು. ತೆರೆದಿಟ್ಟ ಹಳೆ ಪುಡಿಯಲ್ಲಿ ಸತ್ವ ಇರಲ್ಲ. ಇದೆಲ್ಲ ಮುಗಿಯುವವರೆಗೆ ಕುಡಿಯುವ ನೀರು ಕೊತಕೊತ ಕುದಿಯಬೇಕು, ಸುಮ್ನೆ ಬೆಚ್ಚಗೆ ಮಾಡಿದರೆ ಸಾಲದು.

ಎರಡು ವಾರ ಬಿಟ್ಟು ಹೋದಾಗ ಅಡುಗೆಮನೆ ನಲ್ಲಿಯಲ್ಲೂ ಹಳದಿ ಬಂತು. ಮಕ್ಕಳು ಶಾಲೆಗೆ ಹೋಗಿದ್ದರು. ಚೇಂಬರನ್ನು ಸಂಪಿನಿಂದ ದೂರ ಕಟ್ಟಿಸುವ ಕೆಲಸ ಇನ್ನೂ ಬಾಕಿ ಇದೆ.